ಚರ್ಚಿನ ಸುದ್ದಿ ಯಾವುದರಲ್ಲಿ ಮುಟ್ಟುತ್ತದೆ? ವಾಟ್ಸಾಪ್, ಹಾಳೆ, ಯೂಟ್ಯೂಬ್, ಏಲಂ

ನಮ್ಮದು ಕರಾವಳಿಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಜನ. ಬೆಂಚುಗಳಲ್ಲಿ ಹಿರಿಯರೇ ಜಾಸ್ತಿ. ಮಕ್ಕಳು ಬೆಂಗಳೂರು, ಇಲ್ಲವೇ ಗಲ್ಫ್. ಆರಾಧನೆಯ ಕೊನೆಗೆ ಓದುವ ಪ್ರಕಟಣೆ ನಮಗೆ ಸಾಲುತ್ತಿರಲಿಲ್ಲ, ಯಾಕಂದರೆ ಅದನ್ನು ಕೇಳುವವರು ಹೇಗೂ ಬಂದವರೇ. ಬಾರದವರಿಗೆ ಮುಟ್ಟಿಸುವುದು ಹೇಗೆ? ಈ ಕೆಲಸ ಕಮಿಟಿಯಲ್ಲಿ ನನ್ನ ಪಾಲಿಗೆ ಬಂತು. ಒಂದೊಂದನ್ನೂ ಒಂದಷ್ಟು ಕಾಲ ನಡೆಸಿ ನೋಡಿದ್ದೇನೆ.

ಮೊದಲು ವಾಟ್ಸಾಪ್. ಅದರಲ್ಲೇ ಮೂರು ದಾರಿ ಇದೆ: ಗ್ರೂಪ್, ಚಾನೆಲ್, ಬ್ರಾಡ್‌ಕಾಸ್ಟ್ ಲಿಸ್ಟ್.

ಗ್ರೂಪ್ ಅಂದರೆ ಬರೀ ಗೌಜಿ. ಬೆಳಗಾಗುವ ಮೊದಲೇ ಗುಲಾಬಿ ಹೂವಿನ ಮೇಲೆ ಬರೆದ ಒಂದು ಬೈಬಲ್ ವಚನ ಬರುತ್ತದೆ. ಅದರ ಹಿಂದೆ ಸಾಲಾಗಿ ಆಮೆನ್, ಆಮೆನ್, ಕೈಮುಗಿದ ಇಮೋಜಿ. ‘ಶನಿವಾರ ಸ್ಮಶಾನ ಕ್ಲೀನಿಂಗ್, ಕತ್ತಿ ತನ್ನಿ’ ಅನ್ನುವ ಸೂಚನೆ ಅದರಡಿ ಹೂತು ಹೋಗುತ್ತದೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ ಮಾಡಿದರೆ ಗಲಾಟೆ ನಿಲ್ಲುತ್ತದೆ, ನಿಜ. ಆದರೆ ‘ನಮ್ಮ ಬಾಯಿ ಯಾಕೆ ಕಟ್ಟಿದಿರಿ ಮಾರಾಯ್ರೆ’ ಅಂತ ಹಿರಿಯರೊಬ್ಬರು ಮೆಟ್ಟಿಲ ಮೇಲೇ ಕೇಳಿದರು. ಇನ್ನೊಂದು ತೊಂದರೆ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೊಸದಾಗಿ ಬಂದ ಹೆಣ್ಣುಮಕ್ಕಳು ಈ ಕಾರಣಕ್ಕೇ ಸೇರಲು ಹಿಂದೆ ಮುಂದೆ ನೋಡಿದರು. ಅವರದ್ದು ಸರಿಯೇ.

ಚಾನೆಲ್ 2023ರ ಸೆಪ್ಟೆಂಬರಿನಲ್ಲಿ ನಮ್ಮ ದೇಶಕ್ಕೆ ಬಂತು. ನಂಬರ್ ಬೇರೆಯವರಿಗೆ ಕಾಣುವುದಿಲ್ಲ, ಎಷ್ಟು ಜನ ಬೇಕಾದರೂ ಸೇರಬಹುದು. ನೋಡಲು ಅಚ್ಚುಕಟ್ಟು. ಆದರೆ ಅದು ಇರುವುದು ‘ಅಪ್‌ಡೇಟ್ಸ್’ ಪುಟದಲ್ಲಿ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಆ ಕಡೆ ಹೋಗುವುದೇ ಇಲ್ಲ. ಹಾಕಿದ್ದು ಎಷ್ಟು ಜನರಿಗೆ ಕಂಡಿತು ಅಂತ ಗೊತ್ತಾಗುತ್ತದೆ, ಯಾರಿಗೆ ಕಾಣಲಿಲ್ಲ ಅಂತ ಗೊತ್ತಾಗುವುದಿಲ್ಲ. ನನಗೆ ಬೇಕಾದದ್ದು ಎರಡನೆಯದು.

ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ದಾರಿ. ಹಳೆಯದು, ಚಂದವೂ ಇಲ್ಲ. ಒಂದು ಲಿಸ್ಟಿಗೆ 256 ಜನ ಮಾತ್ರ. ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿರದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಹಾಗಾಗಿ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರ ಫೋನ್ ತೆಗೆದುಕೊಂಡು ‘ಚರ್ಚ್ ಸುದ್ದಿ’ ಅಂತ ನಂಬರ್ ಸೇವ್ ಮಾಡಿಕೊಡಬೇಕಾಯಿತು. ಕಿರಿಕಿರಿಯೇ. ಆದರೂ ಮೂರರಲ್ಲಿ ಗೆದ್ದದ್ದು ಇದೇ. ಕಾರಣ ಒಂದೇ: ಉತ್ತರ ನೇರ ನಮಗೆ ಬರುತ್ತದೆ, ಊರಿಗೆಲ್ಲ ಕಾಣುವುದಿಲ್ಲ. ಮಹಿಳಾ ಕೂಟದ ಸೂಚನೆ ಕಳಿಸಿದಾಗ ಒಬ್ಬರು ಬರೆದರು: ‘ಬರ್ಲಿಕ್ಕೆ ಆಗುದಿಲ್ಲ, ಅತ್ತೆಯನ್ನು ಅಡ್ಮಿಟ್ ಮಾಡಿದ್ದೇವೆ. ಅಯ್ಯನವರಿಗೆ ಹೇಳ್ತೀರಾ?’ ಇದನ್ನು ಅವರು ಗ್ರೂಪಿನಲ್ಲಿ ಬರೆಯುತ್ತಿರಲಿಲ್ಲ. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು. ಅವರು ಅವತ್ತು ಸಂಜೆಯೇ ಆಸ್ಪತ್ರೆಗೆ ಹೋದರು.

ಫೇಸ್‌ಬುಕ್ ಪೇಜ್ ಕೂಡ ಇದೆ. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಬೆಂಗಳೂರಿಗೆ ಹೋದ. ಮುಂದಿನದ್ದು ನಿಮಗೇ ಗೊತ್ತು.

ಇನ್ನು ಅಚ್ಚು ಹಾಳೆ. ಎ4 ಹಾಳೆಯನ್ನು ಮಡಚಿ ನಾಲ್ಕು ಪುಟ, ತಿಂಗಳಿಗೊಮ್ಮೆ, ಜೆರಾಕ್ಸ್ ಅಂಗಡಿಯಲ್ಲಿ. ಅಕ್ಷರ ದಪ್ಪ ಇರಬೇಕು, ಇಲ್ಲದಿದ್ದರೆ ಮಡಚಿ ಬೈಬಲಿನೊಳಗೆ ಇಡುತ್ತಾರೆ, ಓದುವುದಿಲ್ಲ. ಒಂದು ಕಿವಿಮಾತು: ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಅದನ್ನೇ ವಾಟ್ಸಾಪಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಶುರುವಿನಿಂದಲೇ ಯೂನಿಕೋಡ್ ಬಳಸಿದರೆ ಎರಡೂ ಕಡೆ ನಡೆಯುತ್ತದೆ.

ಹಾಳೆಯಲ್ಲಿ ಏನು ಹಾಕಬೇಕು ಅನ್ನುವ ಚರ್ಚೆ ಬಂದಾಗ ನನಗೆ ನೆನಪಾದದ್ದು ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಅವರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಹೊರಡಿಸಿದವರು ಬಾಸೆಲ್ ಮಿಶನರಿ. ಆದರೆ ಒಳಗೆ ಊರ ಸುದ್ದಿ, ಸರ್ಕಾರದ ಕಾನೂನು, ಬೇರೆ ರಾಜ್ಯಗಳ ವರ್ತಮಾನ ಎಲ್ಲ ಇರುತ್ತಿತ್ತು. ಸಭೆಯವರಲ್ಲದವರಿಗೂ ಅದು ಬೇಕಾಗುವ ಹಾಗಿತ್ತು. ನಾವೂ ಕೊನೆಯ ಪುಟವನ್ನು ಹಾಗೇ ಬಿಟ್ಟೆವು: ರಕ್ತದಾನ ಶಿಬಿರದ ದಿನ, ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನಾಂಕ, ಪಿಂಚಣಿಯವರ ಜೀವಂತ ಪ್ರಮಾಣಪತ್ರದ ವಿಚಾರ. ಹತ್ತಿರದ ಅಂಗಡಿಯಾತ ಆ ಪುಟ ಮೇಲೆ ಬರುವ ಹಾಗೆ ಮಡಚಿ ಕೌಂಟರಿನ ಗಾಜಿನಡಿ ಇಟ್ಟುಕೊಂಡಿದ್ದಾನೆ. ವಚನ ಮಾತ್ರ ಇದ್ದ ಹಾಳೆಯನ್ನು ಅವನು ಕಡಲೆ ಕಟ್ಟಲಿಕ್ಕೆ ಬಳಸುತ್ತಿದ್ದ.

ಯೂಟ್ಯೂಬ್ ಲೈವ್ ಬಗ್ಗೆ ಯುವಕರಿಗೆ ತುಂಬ ಹುರುಪು. ಫೋನಿನಿಂದ ಲೈವ್ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಅದು ಕಷ್ಟವಲ್ಲ, ಕಷ್ಟ ಇರುವುದು ಸೌಂಡಿನಲ್ಲಿ. ಫೋನಿನ ಮೈಕಿಗೆ ಪ್ರಸಂಗಕ್ಕಿಂತ, ಅಂದರೆ ಸಭಾಪಾಲಕರ ಬೋಧನೆಗಿಂತ, ಫ್ಯಾನ್ ಜಾಸ್ತಿ ಕೇಳುತ್ತದೆ. ಮಿಕ್ಸರಿನಿಂದ ವೈರ್ ಎಳೆದ ಮೇಲೇ ಅದು ಕೇಳುವ ಹಾಗಾಯಿತು. ಗಲ್ಫಿನವರಿಗಾಗಿ ಲೈವ್ ಅಂದರೆ ಅದೂ ಪೂರ್ತಿ ಸರಿಯಲ್ಲ. ಕುವೈತ್, ಕತಾರ್, ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಅವರು ಕೆಲಸದಲ್ಲಿರುತ್ತಾರೆ, ರಾತ್ರಿ ರೂಮಿಗೆ ಬಂದು ನೋಡುತ್ತಾರೆ. ಹಾಗಿದ್ದ ಮೇಲೆ ಲೈವ್ ಯಾಕೆ? ಪ್ರಸಂಗವನ್ನಷ್ಟೇ ಆಡಿಯೋ ಮಾಡಿ ಬ್ರಾಡ್‌ಕಾಸ್ಟಿನಲ್ಲಿ ಕಳಿಸಿದೆವು. ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ ಮನೆಗಳಲ್ಲೂ ಅದು ಡೌನ್‌ಲೋಡ್ ಆಗುತ್ತದೆ. ಹಾಸಿಗೆ ಹಿಡಿದವರು ಕಣ್ಣು ಮುಚ್ಚಿಕೊಂಡೇ ಕೇಳಬಹುದು. ಮದುವೆ, ಶವಸಂಸ್ಕಾರಕ್ಕೆ ಮಾತ್ರ ಲೈವ್ ಇಟ್ಟುಕೊಂಡಿದ್ದೇವೆ. ಅಲ್ಲಿ ಅದಕ್ಕೆ ಸಾಟಿ ಇಲ್ಲ.

ಇಷ್ಟೂ ನಮ್ಮವರಿಗೆ. ನೆರೆಹೊರೆಯವರನ್ನು ಕರೆಯುವುದಕ್ಕೆ ಇದ್ಯಾವುದೂ ಅಷ್ಟು ಕೆಲಸಕ್ಕೆ ಬರಲಿಲ್ಲ. ಪೇಪರಿನೊಳಗೆ ಕರಪತ್ರ ಇಟ್ಟು ಹಂಚಿಸಿದೆವು, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಅದನ್ನು ನೋಡಿ ಬಂದೆ ಅಂದವರು ಒಬ್ಬರೂ ಸಿಗಲಿಲ್ಲ. ಅದೇ ಬೆಳೆ ಹಬ್ಬದ ಏಲಂ (ಹರಾಜು) ನೋಡಿ! ಮಳೆ ಕಳೆದ ಮೇಲೆ ಬಾಳೆಗೊನೆ, ತೆಂಗಿನಕಾಯಿ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಊರ ಕೋಳಿ ಎಲ್ಲ ಅಂಗಳಕ್ಕೆ ಬರುತ್ತವೆ. ಸಂಡೇ ಸ್ಕೂಲಿನ ಮಕ್ಕಳು ಹತ್ತಿರದ ಮನೆಗಳಿಗೆ ಹೋಗಿ ಬಾಯಲ್ಲೇ ಹೇಳಿ ಬಂದಿದ್ದರು. ರಿಕ್ಷಾ ಸ್ಟ್ಯಾಂಡಿನವರು ಗೇಟಿನಲ್ಲೇ ನಿಂತು ನೋಡುತ್ತಿದ್ದರು. ಕೋಳಿಗೆ ಕೂಗು ಶುರುವಾದ ಮೇಲೆ ಒಬ್ಬರು ಅಲ್ಲಿಂದಲೇ ಸವಾಲು ಹಾಕಿದರು. ನಮ್ಮ ಖಜಾಂಚಿ ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಕೋಳಿ ರಿಕ್ಷಾದಲ್ಲಿ ಹೋಯಿತು, ಅಂಗಡಿ ರೇಟಿಗಿಂತ ಎಷ್ಟೋ ಮೇಲೆ. ಪಕ್ಕದಲ್ಲಿ ಬಿಪಿ, ಶುಗರ್ ನೋಡುವ ಟೇಬಲ್ ಇಟ್ಟಿದ್ದೆವು. ಏಲಂ ನೋಡಲು ಬಂದವರೇ ಅಲ್ಲೂ ಸಾಲು ನಿಂತರು.

ಅವತ್ತು ಕೆಲವರು ತಾವಾಗಿಯೇ ನಂಬರ್ ಕೊಟ್ಟರು, ‘ಮುಂದಿನ ಸಲ ತಿಳಿಸಿ’ ಅಂತ. ಅವರದ್ದೇ ಬೇರೆ ಲಿಸ್ಟ್ ಮಾಡಿದ್ದೇವೆ. ಅದಕ್ಕೆ ಹೋಗುವುದು ಏಲಂ, ಕ್ಯಾರಲ್ಸ್, ಆರೋಗ್ಯ ತಪಾಸಣೆ, ಇಷ್ಟೇ. ಬೆಳಗಿನ ಗುಲಾಬಿ ಹೂವು ಆ ಲಿಸ್ಟಿಗೆ ಹೋಗಕೂಡದು ಅಂತ ಕಮಿಟಿಯಲ್ಲಿ ಬರೆದೇ ಇಟ್ಟಿದ್ದೇವೆ.