ಬಿರಿದ ಎರೆಮಣ್ಣು, ಒಣಗಿದ ತೆಂಗಿನ ನಾರು: ಕುಂಡಕ್ಕೆ ನೀರುಣಿಸುವ ವಿಧಾನಗಳ ಹೋಲಿಕೆ

ಧಾರವಾಡದಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ, ಮಾಳಿಗೆಯ ಮೇಲಿನ ಕುಂಡಗಳು ಎರಡು-ಮೂರು ದಿನ ನೀರು ಕಾಣದಿದ್ದರೆ ಸಾಕು, ಮಣ್ಣು ಕುಂಡದ ಅಂಚು ಬಿಟ್ಟು ಒಳಕ್ಕೆ ಸರಿದಿರುತ್ತದೆ. ಆ ಸ್ಥಿತಿಗೆ ಬಂದ ಕುಂಡಕ್ಕೆ ಎಂದಿನಂತೆ ತಂಬಿಗೆಯಿಂದ ನೀರು ಸುರಿದರೆ, ಅದು ಅಂಚಿನ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಬೀಳುತ್ತದೆ. ಕೆಳಗೆ ನೀರು ಹರಿದದ್ದನ್ನು ಕಂಡವರು ಗಿಡಕ್ಕೆ ಸಾಕಾಯಿತೆಂದು ತಿಳಿಯುತ್ತಾರೆ. ಆದರೆ ಬೇರಿನ ಸುತ್ತಲಿನ ಮಣ್ಣು ಹುಡಿಯಾಗಿಯೇ ಉಳಿದಿರುತ್ತದೆ, ಮರುದಿನ ಮಧ್ಯಾಹ್ನ ಗಿಡ ಮತ್ತೆ ಜೋತು ಬೀಳುತ್ತದೆ. ಹೀಗೆ ಪೂರ್ತಿ ಒಣಗಿದ ಕುಂಡಕ್ಕೆ ಯಾವ ರೀತಿಯ ನೀರೂಡಿಕೆ ಸರಿಯೆಂದು ತಿಳಿಯಲು ನಾನು ನಾಲ್ಕು ವಿಧಾನಗಳನ್ನು ಅಕ್ಕಪಕ್ಕ ನಡೆಸಿ ನೋಡಿದೆ: ಮೇಲಿನಿಂದ ಒಮ್ಮೆಲೇ ಸುರಿಯುವುದು, ಮೇಲಿನಿಂದ ಕಂತುಕಂತಾಗಿ ಹಾಕುವುದು, ಕುಂಡವನ್ನು ನೀರಿನ ಬೋಗುಣಿಯಲ್ಲಿ ಕೂರಿಸುವುದು, ಬಾಟಲಿಯನ್ನು ಬೋರಲು ಹಾಕಿ ಹನಿಹನಿಯಾಗಿ ಇಳಿಸುವುದು.

ಎಲ್ಲ ಕುಂಡಗಳಲ್ಲಿಯೂ ದೊಡ್ಡಪತ್ರೆಯನ್ನೇ ನೆಟ್ಟಿದ್ದೆ, ಕುಂಡಗಳ ಅಳತೆಯೂ ಒಂದೇ. ಬೇರೆಯಾಗಿದ್ದದ್ದು ಮಣ್ಣು ಮಾತ್ರ: ಕೆಲವಕ್ಕೆ ನವಲಗುಂದದ ಕಡೆಯ ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು, ಕೆಲವಕ್ಕೆ ಗೊಬ್ಬರ ಬೆರೆಸಿದ ಮಸಾರಿ (ಕೆಂಪು) ಮಣ್ಣು, ಇನ್ನು ಕೆಲವಕ್ಕೆ ನರ್ಸರಿಯವರು ತುಂಬಿ ಕೊಡುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಹುಡಿ. ಪರೀಕ್ಷೆಯ ಸಾಧನ ತೆಂಗಿನ ಕಸಬರಿಗೆಯ ಕಡ್ಡಿ. ಅದನ್ನು ತಳದವರೆಗೆ ಚುಚ್ಚಿ ಹೊರತೆಗೆದರೆ ಎಷ್ಟು ಆಳದವರೆಗೆ ತೇವ ಇಳಿದಿದೆಯೆಂಬುದು ಕಡ್ಡಿಯ ಮೇಲೆಯೇ ಕಾಣುತ್ತದೆ. ಜೊತೆಗೆ ನೀರು ಹಾಕುವ ಮೊದಲೂ ನಂತರವೂ ಕುಂಡವನ್ನು ಎತ್ತಿ ಭಾರ ನೋಡುತ್ತಿದ್ದೆ.

ಒಮ್ಮೆಲೇ ಸುರಿಯುವ ಪದ್ಧತಿ ಮೂರೂ ಮಣ್ಣಿನಲ್ಲಿ ಸೋತಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸಿಯಿರುವ ಕುಂಡಕ್ಕೆ ಅದು ಸಾಕು, ಒಣಗಿದ್ದಕ್ಕೆ ಸಾಲದು.

ಬೋಗುಣಿಯಲ್ಲಿ ಕೂರಿಸುವ ವಿಧಾನ ಕೋಕೋಪೀಟಿಗೆ ಹೇಳಿ ಮಾಡಿಸಿದಂತಿದೆ. ಚೆನ್ನಾಗಿ ಒಣಗಿ ಮುದ್ದೆಗಟ್ಟಿದ ಕೋಕೋಪೀಟ್ ಮೇಲಿನಿಂದ ಬಿದ್ದ ನೀರನ್ನು ತಟ್ಟನೆ ಹೀರುವುದಿಲ್ಲ. ಕೆಲವು ನರ್ಸರಿಗಳ ಮಿಶ್ರಣದಲ್ಲಿರುವ ಪೀಟ್ ಮಾಸ್ (ಜೌಗುನೆಲದಲ್ಲಿ ಅರೆಕೊಳೆತ ಪಾಚಿ) ಅಂತೂ ಒಣಗಿದ ಮೇಲೆ ನೀರನ್ನು ಇನ್ನೂ ಹೆಚ್ಚು ದೂರ ತಳ್ಳುತ್ತದೆ. ಅದೇ ಕುಂಡವನ್ನು ಅರ್ಧ ಮುಳುಗುವಷ್ಟು ನೀರಿನಲ್ಲಿಟ್ಟರೆ, ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವಂತೆ ನಾರು ತಳದ ತೂತಿನಿಂದ ನೀರನ್ನು ನಿಧಾನವಾಗಿ ಮೇಲಕ್ಕೆ ಒಯ್ಯುತ್ತದೆ. ಒಣ ಕೋಕೋಪೀಟಿನ ಕುಂಡ ಹಗುರವಾದ್ದರಿಂದ ಮೊದಲು ತೇಲುತ್ತದೆ. ಅಂಚಿನ ಮೇಲೆ ಒಂದು ಕಲ್ಲು ಹೇರಬೇಕು. ಸಣ್ಣ ಕುಂಡಕ್ಕೆ ಅರ್ಧ ಗಂಟೆ, ದೊಡ್ಡದಕ್ಕೆ ಒಂದು ಗಂಟೆಯ ಹೊತ್ತಿಗೆ ಮೇಲ್ಮೈ ಕಪ್ಪಾಗಿ ತೇವಗೊಳ್ಳುತ್ತದೆ. ಆಗ ಎತ್ತಿ, ಹೆಚ್ಚಿನ ನೀರು ಬಸಿದುಹೋಗುವಂತೆ ಎರಡು ಇಟ್ಟಿಗೆಗಳ ಮೇಲೆ ಇಡಬೇಕು. ರಾತ್ರಿಯಿಡೀ ನೀರಿನಲ್ಲಿ ಬಿಡುವುದು ಸಲ್ಲದು, ಏಕೆಂದರೆ ಬೇರುಗಳಿಗೆ ಗಾಳಿಯೂ ಬೇಕು.

ಈ ವಿಧಾನಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು ಲವಣ. ಕೆಳಗಿನಿಂದ ಏರಿದ ನೀರು ಮೇಲ್ಮೈಯಿಂದ ಆವಿಯಾಗುವಾಗ ತನ್ನಲ್ಲಿದ್ದ ಲವಣವನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಮಲಪ್ರಭೆಯ ನಳದ ನೀರಿನಲ್ಲಿ ಇದು ಅಷ್ಟಾಗಿ ಕಾಣಲಿಲ್ಲ. ಆದರೆ ಬೋರ್‌ವೆಲ್‌ನ ಸವಳು ನೀರನ್ನೇ ನೆಚ್ಚಿರುವ ಗದಗಿನ ಸಂಬಂಧಿಕರ ಮನೆಯಲ್ಲಿ ಕುಂಡಗಳ ಮೇಲೆ ಬಿಳಿಯ ಪದರವೇ ಕಟ್ಟಿತ್ತು. ಅಂಥಲ್ಲಿ ತಿಂಗಳಿಗೊಮ್ಮೆಯಾದರೂ ಮೇಲಿನಿಂದ ಧಾರಾಳವಾಗಿ ನೀರು ಹಾಕಿ ಲವಣವನ್ನು ತಳದಿಂದ ತೊಳೆದುಬಿಡಬೇಕು. ಎರಡನೆಯದು ರೋಗ. ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ನಳ ಬರುವುದು ಕೆಲವು ದಿನಗಳಿಗೊಮ್ಮೆಯಾದ್ದರಿಂದ, ಒಂದೇ ಬೋಗುಣಿಯ ನೀರಿನಲ್ಲಿ ಹಲವು ಕುಂಡಗಳನ್ನು ಸರದಿಯಾಗಿ ಕೂರಿಸುವುದು ಸಹಜ. ಆದರೆ ಬೇರು ಕೊಳೆಯುವ ಗಿಡ ಅವುಗಳಲ್ಲಿ ಒಂದಿದ್ದರೆ ರೋಗವು ನೀರಿನ ಮೂಲಕ ಉಳಿದವಕ್ಕೂ ಹಬ್ಬಬಹುದು. ಸಂಶಯವಿರುವ ಗಿಡವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟು ನೀರು ಚೆಲ್ಲಿಬಿಡಬೇಕು. ಬೋಗುಣಿಯಲ್ಲಿ ನೀರು ನಿಂತರೆ ಡೆಂಗಿಯ ಸೊಳ್ಳೆಗೂ ಎಡೆಯಾಗುತ್ತದೆ.

ಎರೆಮಣ್ಣಿನಲ್ಲಿ ಮಾತ್ರ ಬೋಗುಣಿ ನನಗೆ ಸರಿಬರಲಿಲ್ಲ. ಒಣಗಿದಾಗ ಕುಗ್ಗಿ ಬಿರಿಯುವುದು, ನೆನೆದಾಗ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದು ಈ ಜೇಡಿಯ ಗುಣ. ತಳದ ಮಣ್ಣು ನೆನೆದು ಉಬ್ಬಿದ ಮೇಲೆ ನೀರು ಮೇಲೇರುವುದು ಬಹಳ ನಿಧಾನವಾಗುತ್ತದೆ. ನಡುವಿನ ಹೆಂಟೆಗಳು ಒಣಗಿಯೇ ಇರುವಾಗ ತಳ ಕೆಸರಾಗಿರುತ್ತದೆ. ಇಲ್ಲಿ ಗೆದ್ದದ್ದು ಕಂತಿನ ನೀರು, ಅದೂ ಮೊದಲು ಮಣ್ಣು ಸಡಿಲಿಸಿದ ಮೇಲೆ. ನಮ್ಮ ಭಾಗದ ರೈತರು ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ ತೇವ ಕಾಯುತ್ತಾರಲ್ಲ, ಕುಂಡದಲ್ಲಿಯೂ ಅದೇ ಕೆಲಸವನ್ನು ಕುರ್ಪಿಯಿಂದ ಮಾಡಬೇಕು: ಬೇರಿಗೆ ಪೆಟ್ಟಾಗದಂತೆ ಒಂದು ಇಂಚಿನಷ್ಟು ಕೆದಕಿ, ಆ ಹುಡಿಯನ್ನು ಬಿರುಕುಗಳಿಗೂ ಅಂಚಿನ ಸಂದಿಗೂ ತುಂಬಿ ಬೆರಳಿನಿಂದ ಒತ್ತಬೇಕು. ನಂತರ ಹತ್ತು ಇಂಚಿನ ಕುಂಡಕ್ಕೆ ಸುಮಾರು ಒಂದೂವರೆ ಲೀಟರ್ ನೀರನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನ ನಡುವೆ ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು, ಝಾರಿಯಿಂದ ಹಾಕಿದರೆ ಕಡ್ಡಿ ತಳದವರೆಗೂ ತೇವವಾಗಿ ಬರುತ್ತದೆ. ಮೊದಲ ಪಾಲು ಬಹಳ ಕಡಿಮೆಯಿರಲಿ. ಮೇಲ್ಪದರ ನೆನೆದ ಮೇಲೆ ಮುಂದಿನ ನೀರಿಗೆ ದಾರಿ ಸುಲಭವಾಗುತ್ತದೆ.

ಮಸಾರಿ ಮಣ್ಣು ಮೂರರಲ್ಲಿ ಸುಲಭದ್ದು. ಮೇಲೆ ಗಟ್ಟಿಯಾದ ಪದರ ಕಟ್ಟಿಕೊಳ್ಳುವುದೊಂದೇ ಅದರ ತೊಂದರೆ; ಅದನ್ನು ಕೆದಕಿ ಎರಡು ಕಂತಿನಲ್ಲಿ ನೀರು ಹಾಕಿದರೆ ಬೋಗುಣಿಯ ಅಗತ್ಯ ಬೀಳುವುದಿಲ್ಲ.

ಬೋರಲು ಬಾಟಲಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಣಗಿದ ಕುಂಡವನ್ನು ಉಳಿಸುವ ಕೆಲಸ ಅದರಿಂದ ಆಗದು. ಹನಿ ಬಿದ್ದ ಜಾಗದಲ್ಲಿ ಒಂದು ಕಿರಿದಾದ ಕಂಬದಷ್ಟು ಮಣ್ಣು ನೆನೆಯುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ಮೊದಲೇ ಚೆನ್ನಾಗಿ ನೆನೆಸಿಟ್ಟ ಕುಂಡದ ತೇವವನ್ನು, ನಾವು ಊರಿಗೆ ಹೋದ ಎರಡು-ಮೂರು ದಿನ ಕಾಯಲು ಅದು ಒಳ್ಳೆಯದು. ನೀರಿನ ಪಾತ್ರೆಯಿಂದ ಕುಂಡಕ್ಕೆ ಹತ್ತಿಯ ಬತ್ತಿ ಇಳಿಬಿಡುವ ಏರ್ಪಾಡಿಗೂ ಇದೇ ಮಾತು ಅನ್ವಯಿಸುತ್ತದೆ.

ಯಾವ ವಿಧಾನವನ್ನು ಆರಿಸುವ ಮೊದಲೂ ಕಡ್ಡಿಯನ್ನು ಚುಚ್ಚಿ ನೋಡುವುದು ಅವಶ್ಯ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಜೋತು ಬೀಳುತ್ತದೆ. ಕಡ್ಡಿ ತೇವವಾಗಿ ಬಂದರೆ ಆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಬೇಕು. ನಡುಮಧ್ಯಾಹ್ನ ಬಾಡಿದ ಗಿಡ ಸಿಕ್ಕರೆ ಕುಂಡವನ್ನು ಮೊದಲು ನೆರಳಿಗೆ ಸರಿಸಿ, ಆಮೇಲೆ ನೀರಿನ ವಿಚಾರ ಮಾಡುವುದು ಲೇಸು.

ದಾಸವಾಳ, ಮಲ್ಲಿಗೆ, ಕರಿಬೇವು ಬೆಳೆಸಿದ ಸಿಮೆಂಟಿನ ದೊಡ್ಡ ಕುಂಡಗಳನ್ನು ಎತ್ತಿ ಬೋಗುಣಿಯಲ್ಲಿ ಇಡಲಾಗದು. ಅವುಗಳಲ್ಲಿ ಕಾಂಡದಿಂದ ದೂರಕ್ಕೆ, ಅಂಚಿನ ಒಳಬದಿಯಲ್ಲಿ, ತೆಳುವಾದ ಕಬ್ಬಿಣದ ಸಲಾಕೆಯಿಂದ ನಾಲ್ಕಾರು ಕಡೆ ಆಳವಾಗಿ ಚುಚ್ಚಿ, ಆ ರಂಧ್ರಗಳಿಗೆ ಎರೆಹುಳು ಗೊಬ್ಬರ ತುಂಬಿ, ಸಂಜೆ ಕಂತುಕಂತಾಗಿ ನೀರು ಹಾಕುತ್ತೇನೆ. ಗೊಬ್ಬರ ನೀರನ್ನು ಹಿಡಿದಿಟ್ಟುಕೊಂಡು ಸುತ್ತಲಿನ ಮಣ್ಣಿಗೆ ಬಿಟ್ಟುಕೊಡುತ್ತದೆ. ಮರುದಿನ ಬೆಳಿಗ್ಗೆ ಕಡ್ಡಿಯ ತುದಿ ಇನ್ನೂ ಒಣಗಿಯೇ ಬಂದರೆ ಬಿಸಿಲೇರುವ ಮೊದಲು ಇನ್ನೊಂದು ಸುತ್ತು ಹಾಕುತ್ತೇನೆ.