ಏಳು ದಿನದ ಲೋನ್ ಆಪ್: ಹನ್ನೊಂದು ತಿಂಗಳು ಬಳಸಿದ ಮೇಲೆ ಬರೀತಿದೀನಿ

ಪೀಣ್ಯದ ಗಾರ್ಮೆಂಟ್ಸಲ್ಲಿ ಟೈಲರ್ ಕೆಲ್ಸ ನಂದು, ಸಂಬಳ ತಿಂಗಳಿಗೊಂದ್ಸಲ, 7ನೇ ತಾರೀಖು. ಮಗನಿಗೆ ಡೆಂಗ್ಯೂ ಆದಾಗ 10ನೇ ತಾರೀಖು, ಅಷ್ಟೊತ್ತಿಗೆ ಸಂಬಳ ಬಾಡಿಗೆಗೂ ರೇಷನ್‌ಗೂ ಹೋಗಿತ್ತು, ಆಗ ಈ ಆಪ್ ಹಾಕ್ಕೊಂಡೆ. ಆಧಾರ್, ಪಾನ್, ಒಂದು ಸೆಲ್ಫಿ ಅಷ್ಟೇ, ಹತ್ತು ನಿಮಿಷಕ್ಕೆ ದುಡ್ಡು ಬಂತು, ಅದರಲ್ಲಿ ಸುಳ್ಳು ಹೇಳಲ್ಲ.

ಆದ್ರೆ ಕೇಳಿದ್ದು 5000, ಬಂದಿದ್ದು 3250. ಮಿಕ್ಕಿದ್ದು ಪ್ರೊಸೆಸಿಂಗ್ ಫೀ ಅಂತ ಮೊದಲೇ ಹಿಡ್ಕೊಂಡ್ರು. ಏಳನೇ ದಿನ ಪೂರ್ತಿ 5000 ಕಟ್ಬೇಕು. ತಿಂಗಳ ಸಂಬಳದೋರಿಗೆ ವಾರದಲ್ಲಿ ಎಲ್ಲಿಂದ ಬರುತ್ತೆ? ಬರಲ್ಲ ಅಂತ ಅವ್ರಿಗೂ ಚೆನ್ನಾಗ್ ಗೊತ್ತು, ಅದಕ್ಕೇ 'ಎಕ್ಸ್‌ಟೆಂಡ್' ಅಂತ ಬಟನ್ ಇಟ್ಟಿದಾರೆ, 1750 ಕಟ್ಟಿದ್ರೆ ಇನ್ನೊಂದು ವಾರ, ಅಸಲಲ್ಲಿ ಒಂದು ಪೈಸೆ ಕಮ್ಮಿ ಆಗಲ್ಲ. ಮೂರು ಸಲ ಎಕ್ಸ್‌ಟೆಂಡ್ ಮಾಡಿ ಸಂಬಳ ಬಂದ್ಮೇಲೆ ತೀರಿಸ್ದೆ, 3250ಕ್ಕೆ 28 ದಿನದಲ್ಲಿ ಕಟ್ಟಿದ್ದು 10,250! ಆ 1750 ಹೊಂದಿಸೋಕೆ ಇನ್ನೊಂದು ಆಪಲ್ಲಿ ತಗೊಂಡಿದ್ದೆ, ಸಂಬಳ ಖಾಲಿ ಆಗಿದ್ದಕ್ಕೆ ಮತ್ತೆ ಇದರಲ್ಲೇ ತಗೊಂಡೆ, ಹಿಂಗೇ ಹನ್ನೊಂದು ತಿಂಗಳು.

ಒಂದ್ಸಲ ಎರಡು ದಿನ ಲೇಟಾಯ್ತು. ಆಪ್ ಹಾಕೋವಾಗ ಕಾಂಟ್ಯಾಕ್ಟ್ಸಿಗೆ 'ಅಲೋ' ಒತ್ತಿದ್ದೆ. ಅದೇ ಸೆಲ್ಫಿ ಮೇಲೆ 'ಕಳ್ಳಿ' ಅಂತ ಬರೆದು ಸೂಪರ್‌ವೈಸರ್‌ಗೆ, ತಂಗಿ ಅತ್ತೆಗೆ ಎಲ್ರಿಗೂ ಕಳ್ಸಿದ್ರು. ಮಿಷನ್ ಮುಂದೆ ಕೂತಿದ್ದೆ, ಪಕ್ಕದ ಲೈನ್ ಹುಡುಗಿ ಫೋನ್ ತೋರಿಸಿದ್ಲು, ಕಾಲು ಪೆಡಲ್ ಮೇಲೇ ನಿಂತೋಯ್ತು.

ರಿಸರ್ವ್ ಬ್ಯಾಂಕ್ 2022ರಲ್ಲೇ ರೂಲ್ಸ್ ಮಾಡಿದೆ, ಲೋನ್ ಆಪ್‌ಗಳು ಕಾಂಟ್ಯಾಕ್ಟ್ಸು, ಫೋಟೋ ಗ್ಯಾಲರಿ ಮುಟ್ಟೋ ಹಂಗಿಲ್ಲ, ಎಲ್ಲಾ ಖರ್ಚೂ ಸೇರಿ ವರ್ಷದ ಬಡ್ಡಿ ಎಷ್ಟಾಗುತ್ತೆ ಅಂತ ಮೊದಲೇ ಹೇಳ್ಬೇಕು. ಯಾವ ಆಪ್ ಯಾವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಗೆ ಸೇರಿದ್ದು ಅನ್ನೋ ಪಟ್ಟಿನೂ 2025ರಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟಲ್ಲಿದೆ, ನಂದು ಅದರಲ್ಲಿ ಇರ್ಲೇ ಇಲ್ಲ. ದಯವಿಟ್ಟು ಹಾಕ್ಕೊಳೋಕೆ ಮುಂಚೆ ಅಲ್ಲಿ ಹುಡುಕಿ. ಈಗಾಗ್ಲೇ ಸಿಕ್ಕಾಕೊಂಡಿದ್ರೆ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮನೇಲೂ ಹೇಳ್ಬಿಡಿ, ನಾನು ಯಜಮಾನ್ರಿಗೆ ಮುಚ್ಚಿಟ್ಟಿದ್ದಕ್ಕೇ ಇಷ್ಟು ದಿನ ಎಳೀತು.

ಆಮೇಲೆ ಆಪ್ ಡಿಲೀಟ್ ಮಾಡೋಕೆ ಮುಂಚೆ ಕಟ್ಟಿದ್ದು, ಮೆಸೇಜು, ಕಾಲ್ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಾನು ಭಯಕ್ಕೆ ಎಲ್ಲಾ ಅಳಿಸ್ಬಿಟ್ಟೆ, ಕಂಪ್ಲೇಂಟ್ ಕೊಡೋಕೆ ಹೋದಾಗ ತೋರ್ಸೋಕೆ ಬ್ಯಾಂಕ್ ಪಾಸ್‌ಬುಕ್ ಒಂದೇ ಇತ್ತು.