ತಂತಿಬಲೆಯ ಈಚೆ ಎಂಟು ವರ್ಷ: ಬೈಕ್ ರೇಸ್ ಫೋಟೋಗಳಿಗೆ ನಿಕಾನ್ 200-500

ಬೆಂಗಳೂರಿನಿಂದ ರಾತ್ರಿ 2 ಗಂಟೆಗೆ ಹೊರಟರೆ, ಶ್ರೀಪೆರಂಬುದೂರು ದಾಟಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಸೇರುವ ಹೊತ್ತಿಗೆ ಬಿಸಿಲು ಇನ್ನೂ ಎಳೆಯದಾಗಿರುತ್ತದೆ. 2017ರಿಂದ ಆ ದಾರಿಯಲ್ಲಿ ನನ್ನ ಜೊತೆ ತಪ್ಪದೆ ಬಂದಿರುವುದು ನಿಕಾನ್ 200-500 ಎಂ.ಎಂ. ಎಫ್/5.6 ಲೆನ್ಸ್. ಇದು 2015ರಲ್ಲಿ ಮಾರುಕಟ್ಟೆಗೆ ಬಂದದ್ದು. ಹಕ್ಕಿ ಫೋಟೋ ತೆಗೆಯುವವರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮೋಟಾರ್‌ಸೈಕಲ್ ರೇಸಿಗಾಗಿ ಇದನ್ನು ಕೊಳ್ಳಬೇಕೇ ಎಂದು ಕೇಳುವವರಿಗೆ ಕನ್ನಡದಲ್ಲಿ ಉತ್ತರ ಸಿಗದ್ದರಿಂದ ನಾನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ನಾನು ವೃತ್ತಿಪರ ಛಾಯಾಗ್ರಾಹಕನಲ್ಲ. ಮೂರ್ನಾಲ್ಕು ಸಲ ಮಾತ್ರ ಟ್ರ್ಯಾಕ್ ಬದಿಗೆ ಹೋಗಲು ಪಾಸ್ ಸಿಕ್ಕಿದೆ. ಉಳಿದಷ್ಟೂ ಸಲ ಪ್ರೇಕ್ಷಕರ ಜೊತೆ, ತಂತಿಬಲೆಯ ಈಚೆ ನಿಂತೇ ತೆಗೆದದ್ದು. ಹಾಗಾಗಿ ನನ್ನ ಅನುಭವ ನಿಮ್ಮಂಥವರಿಗೇ ಹೆಚ್ಚು ಹೊಂದುತ್ತದೆ ಎಂದುಕೊಂಡಿದ್ದೇನೆ.

ಆ ತಂತಿಬಲೆಯಿಂದಲೇ ಶುರು ಮಾಡುತ್ತೇನೆ. ಲೆನ್ಸಿನ ಎಡಬದಿಯಲ್ಲಿ ಒಂದು ಚಿಕ್ಕ ಗುಂಡಿ ಇದೆ. ಒಂದು ಕಡೆಗೆ ತಳ್ಳಿದರೆ ಲೆನ್ಸ್ 2.2 ಮೀಟರ್‌ನಿಂದ ಅನಂತದವರೆಗೆ ಫೋಕಸ್ ಹುಡುಕುತ್ತದೆ, ಇನ್ನೊಂದು ಕಡೆಗೆ ತಳ್ಳಿದರೆ 6 ಮೀಟರ್‌ನಿಂದ ಆಚೆಗೆ ಮಾತ್ರ. ಹಕ್ಕಿಗರು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ, ನಾನು ಮಾತ್ರ ಎಂಟು ವರ್ಷಗಳಿಂದ 6 ಮೀಟರ್‌ ಕಡೆಗೇ ಇಟ್ಟು ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇನೆ. ಮುಂದಿರುವ ಬಲೆಯನ್ನು ಹಿಡಿಯಲು ಲೆನ್ಸ್ ಹಿಂದೆ ಮುಂದೆ ಓಡಾಡುವುದು ಇದರಿಂದ ನಿಂತುಹೋಗುತ್ತದೆ. ಇನ್ನು ಬಲೆಯೇ ಚಿತ್ರದಲ್ಲಿ ಕಾಣದಿರಬೇಕಾದರೆ ಲೆನ್ಸನ್ನು ಅದಕ್ಕೆ ಆದಷ್ಟು ಹತ್ತಿರ ಹಿಡಿದು, ಕಿಂಡಿ ಪೂರ್ತಿ ತೆರೆದು, ಅಂದರೆ ಎಫ್/5.6ರಲ್ಲೇ ತೆಗೆಯಬೇಕು. 500 ಎಂ.ಎಂ.ನಲ್ಲಿ ಎಫ್/5.6 ಎಂದರೆ ಬೆಳಕು ಒಳಬರುವ ಕಿಂಡಿಯ ಅಗಲ ಸುಮಾರು 89 ಮಿಲಿಮೀಟರ್. ಅಷ್ಟಗಲದ ಕಿಂಡಿಯ ಮುಂದೆ ಮೂರು ಮಿಲಿಮೀಟರಿನ ತಂತಿ ಕರಗಿಯೇ ಹೋಗುತ್ತದೆ, ಚಿತ್ರ ಒಂಚೂರು ಮಂಕಾಗುತ್ತದೆ ಅಷ್ಟೆ. ಆದರೆ ತಂತಿಯ ಮೇಲೆ ನೇರ ಬಿಸಿಲು ಬಿದ್ದಿರಬಾರದು. ಬಿದ್ದಿದ್ದರೆ ಪಕ್ಕದಲ್ಲಿ ನಿಂತವರನ್ನು ಕೇಳಿಕೊಂಡು ಛತ್ರಿಯಿಂದಲೋ ಟೋಪಿಯಿಂದಲೋ ಅಷ್ಟು ಭಾಗಕ್ಕೆ ನೆರಳು ಮಾಡಿ. ಯಾರೂ ಇಲ್ಲ ಅಂದದ್ದಿಲ್ಲ.

ಇಷ್ಟು ಹೇಳಿದ ಮೇಲೆ, ಈ ಲೆನ್ಸನ್ನು ನಾನು ಯಾಕೆ ಇಟ್ಟುಕೊಂಡಿದ್ದೇನೆ ಎಂಬ ಮುಖ್ಯ ಮಾತಿಗೆ ಬರುತ್ತೇನೆ. ಕೊಳ್ಳುವಾಗ ನನಗೆ ಬೇಕಿದ್ದದ್ದು ದೂರ. ನನ್ನ ಡಿ500 ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದರಲ್ಲಿ ಈ ಲೆನ್ಸ್ 300ರಿಂದ 750 ಎಂ.ಎಂ.ನಷ್ಟು ಹತ್ತಿರಕ್ಕೆ ತರುತ್ತದೆ. ಮೊದಲ ವರ್ಷವೆಲ್ಲ ಸೆಕೆಂಡಿನ 1/1600, 1/2000 ಶಟರಿನಲ್ಲಿ ಸಾವಿರಾರು ಫೋಟೋ ತೆಗೆದೆ. ಹೆಲ್ಮೆಟ್ಟಿನ ಸ್ಟಿಕರ್ ಓದಬಹುದಾದಷ್ಟು ಸ್ಪಷ್ಟವಾಗಿದ್ದವು. ಮನೆಗೆ ಬಂದು ನೋಡಿದರೆ ಎಲ್ಲ ಬೈಕುಗಳೂ ತಿರುವಿನಲ್ಲಿ ಯಾರೋ ಓರೆಯಾಗಿ ನಿಲ್ಲಿಸಿ ಹೋದ ಹಾಗೆ ಕಂಡವು.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ 28 ಮೀಟರ್ ಹತ್ತಿರ ಸಾಗುತ್ತದೆ, ಅದರ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ಹಾಕುತ್ತದೆ. 1/1000ರಲ್ಲಿ ತೆಗೆದರೆ ಆ ಚಕ್ರ ತಿರುಗುವುದು ಬರೀ 5 ಡಿಗ್ರಿ. ಅದಕ್ಕೇ ಅಲಾಯ್ ಚಕ್ರದ ಕಡ್ಡಿಗಳು ಎಣಿಸುವಂತೆ ನಿಂತುಬಿಡುತ್ತವೆ. 1/125ರಲ್ಲಿ 42 ಡಿಗ್ರಿ ತಿರುಗುತ್ತದೆ. ಆಗ ಕಡ್ಡಿಗಳು ಬೆಸೆದು ಬೆಳ್ಳಿಯ ತಟ್ಟೆಯಾಗುತ್ತವೆ, ಹಿಂದಿನ ಹುಲ್ಲು, ಟೈರುಗಳ ಗೋಡೆ, ಜಾಹೀರಾತಿನ ಫಲಕ ಎಲ್ಲ ಗೆರೆಗಳಾಗಿ ಹರಿಯುತ್ತವೆ. ಆದರೆ ಅದೇ 1/125 ಸೆಕೆಂಡಿನಲ್ಲಿ ಬೈಕ್ 22 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆ 22 ಸೆಂಟಿಮೀಟರನ್ನು ನಾವು ಸೊಂಟ ತಿರುಗಿಸಿ ಜೊತೆಯಲ್ಲೇ ಕ್ರಮಿಸಬೇಕು. ಪ್ಯಾನಿಂಗ್ ಎಂದರೆ ಇದೇ. ಈ ಲೆನ್ಸಿನ ನಿಜವಾದ ಬೆಲೆ ನನಗೆ ಗೊತ್ತಾದದ್ದೂ ಇಲ್ಲೇ.

ಕೈನಡುಕ ತಡೆಯುವ ವಿ.ಆರ್. ಇದರಲ್ಲಿ ಎರಡು ಬಗೆ: ನಾರ್ಮಲ್ ಮತ್ತು ಸ್ಪೋರ್ಟ್. ನಾರ್ಮಲ್‌ನಲ್ಲಿ ಒಂದೇ ಸಮನೆ ಫೋಟೋ ಹೊಡೆಯುವಾಗ ಪ್ರತಿ ಚಿತ್ರಕ್ಕೂ ಮುಂಚೆ ಒಳಗಿನ ಗಾಜು ಮತ್ತೆ ನಡುವಿಗೆ ಬರುತ್ತದೆ, ಹಾಗಾಗಿ ಕಣ್ಣಿಗೆ ಚಿತ್ರ ಜಿಗಿದಂತೆ ಅನ್ನಿಸುತ್ತದೆ. ಸ್ಪೋರ್ಟ್‌ನಲ್ಲಿ ಈ ಜಿಗಿತ ಇಲ್ಲ. ಸವಾರನ ಹೆಲ್ಮೆಟ್ಟಿನ ಮೇಲೆ ಇಟ್ಟ ಕಣ್ಣು ಅಲ್ಲೇ ಇರುತ್ತದೆ, ನಾವು ಅವನ ಜೊತೆ ಸಲೀಸಾಗಿ ತಿರುಗುತ್ತೇವೆ. ಸ್ಪೋರ್ಟ್‌ಗೆ ಬದಲಾಯಿಸಿದ ದಿನ 1/125ರಲ್ಲಿ ಹತ್ತಕ್ಕೆ ಮೂರು ಚಿತ್ರ ಉಳಿಯತೊಡಗಿದವು. ಅದಕ್ಕೆ ಮುಂಚೆ ಒಂದು ಉಳಿದರೆ ಪುಣ್ಯ. 1/60ಕ್ಕೆ ಇಳಿದರೆ ಈಗಲೂ ಇಪ್ಪತ್ತಕ್ಕೆ ಒಂದೇ. ಆದರೆ ಆ ಒಂದಕ್ಕಾಗಿ ನಾನು ಇನ್ನೂ 300 ಕಿ.ಮೀ. ಹೋಗಬಲ್ಲೆ.

ತಿರುವಿನ ನಟ್ಟನಡುವೆ ಪ್ಯಾನಿಂಗ್ ಮಾಡುವಾಗ ಇಡೀ ಬೈಕ್ ಸ್ಪಷ್ಟವಾಗಿ ಬರಬೇಕೆಂದು ಹಠ ಹಿಡಿಯಬೇಡಿ. ಬೈಕ್ ನಮ್ಮ ಮುಂದೆ ಹಾದುಹೋಗುವುದಷ್ಟೇ ಅಲ್ಲ, ತನ್ನ ಮೇಲೆ ತಾನೂ ತಿರುಗುತ್ತಿರುತ್ತದೆ. ಮೂತಿಯೂ ಬಾಲವೂ ನಮ್ಮ ಕಣ್ಣಿಗೆ ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ. ಹೆಲ್ಮೆಟ್ ಸ್ಪಷ್ಟವಿದ್ದು ಬಾಲ ಕರಗಿದ್ದರೆ ಅದು ಒಳ್ಳೆಯ ಚಿತ್ರ. ಸವಾರ ನೋಡುತ್ತಿರುವುದು ಮುಂದಿನ ತಿರುವನ್ನು, ನೋಡುಗರ ಕಣ್ಣೂ ಮೊದಲು ಅವನ ಹೆಲ್ಮೆಟ್ಟಿನ ಗಾಜಿನ ಹತ್ತಿರವೇ ಹೋಗುತ್ತದೆ.

ಮಧ್ಯಾಹ್ನ ಇದಕ್ಕೊಂದು ತೊಡಕಿದೆ. ಸುಡುಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟು 1/60ಕ್ಕೆ ಇಳಿಯಬೇಕೆಂದರೆ ಕಿಂಡಿಯನ್ನು ಎಫ್/20ರ ತನಕ ಮುಚ್ಚಬೇಕಾಗುತ್ತದೆ. ಚಿತ್ರದ ಹರಿತ ಹೋಗುತ್ತದೆ, ಸೆನ್ಸರಿನ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಬೆಳಕು ತಗ್ಗಿಸುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಹಾಕಬಹುದು. ಈ ಲೆನ್ಸಿಗೆ ಬೇಕಾಗುವುದು 95 ಎಂ.ಎಂ. ಅಳತೆಯದು, ಒಳ್ಳೆಯದು ಕೊಳ್ಳಲು ಕೈ ಹಿಂಜರಿಯುತ್ತದೆ. ನಾನು ಎರಡು ವರ್ಷ ಕಾದು ಒಂದು ಕೊಂಡೆ. ಲೆನ್ಸಿನ ಬಜೆಟ್ಟಿನಲ್ಲೇ ಅದನ್ನೂ ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಬಿಸಿಲಿನ ಇನ್ನೊಂದು ಕಾಟ ಟಾರಿನಿಂದ ಏಳುವ ಝಳ. ಹತ್ತೂವರೆ ಆದಮೇಲೆ ನೇರ ದಾರಿಯ ತುದಿಯಿಂದ ಬರುವ ಬೈಕನ್ನು 500ರಲ್ಲಿ ತೆಗೆದರೆ ನೀರಿನೊಳಗಿಂದ ನೋಡಿದ ಹಾಗೆ ಬರುತ್ತದೆ. ಇದು ಲೆನ್ಸಿನ ತಪ್ಪಲ್ಲ, ಯಾವ ಲೆನ್ಸೂ ಇದನ್ನು ಸರಿಮಾಡಲಾರದು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ ಮೋಟೋ ಜಿಪಿ ನಡೆದಾಗ ಸೆಕೆಯ ಕಾರಣಕ್ಕೆ ಮುಖ್ಯ ಓಟವನ್ನೇ 21 ಸುತ್ತಿಗೆ ಇಳಿಸಿದ್ದರು. ನಮ್ಮ ದೇಶದ ರೇಸುಗಳಲ್ಲಿ ಬಿಸಿಲೂ ಒಬ್ಬ ಸ್ಪರ್ಧಿ. ದೂರದ ಚಿತ್ರಗಳನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ಹತ್ತಿರದ ತಿರುವಿಗೆ ಹೋಗಿ.

ಎದುರಿನಿಂದ ಬರುವ ಬೈಕಿನ ವಿಷಯ ಬೇರೆ. 120 ಕಿ.ಮೀ. ವೇಗದಲ್ಲಿ ಬರುವಾಗ, ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದಲ್ಲೂ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬೈಕ್ ಮೂರು ಮೀಟರಿಗಿಂತ ಹೆಚ್ಚು ಹತ್ತಿರ ಬಂದಿರುತ್ತದೆ. 30 ಮೀಟರ್ ದೂರದಲ್ಲಿ 500 ಎಂ.ಎಂ. ಎಫ್/5.6ಕ್ಕೆ ಸ್ಪಷ್ಟವಾಗಿರುವ ಆಳ ನನ್ನ ಕ್ಯಾಮೆರಾದಲ್ಲಿ ಸುಮಾರು 80 ಸೆಂಟಿಮೀಟರ್. ಎಫ್/5.6ರ ಝೂಮ್ ಒಂದು ಇದನ್ನು ಮೊದಲ ಚಿತ್ರದಲ್ಲೇ ಹಿಡಿಯಬೇಕೆಂದು ಬಯಸುವುದು ನ್ಯಾಯವಲ್ಲ. ಬೈಕ್ ಇನ್ನೂ ದೂರವಿರುವಾಗಲೇ ಫೋಕಸ್ ಹಿಡಿದು, ಅದರೊಂದಿಗೆ ಬಂದು, ಬ್ರೇಕ್ ಹಾಕಿ ಬಾಗುವ ಜಾಗದಲ್ಲಿ ಒತ್ತುವುದು ನನ್ನ ರೂಢಿ. ಅಲ್ಲಿ ವೇಗ ಇಳಿದಿರುತ್ತದೆ, ಮೊಣಕಾಲು ಹೊರಬಂದಿರುತ್ತದೆ. ನಮಗೆ ಬೇಕಾದ ಕ್ಷಣವೂ ಅದೇ.

ತೂಕದ ಬಗ್ಗೆ ಕೇಳದವರಿಲ್ಲ. ಲೆನ್ಸ್ 2.3 ಕೆ.ಜಿ., ಡಿ500 ಸೇರಿದರೆ ಮೂರು ಕೆ.ಜಿ. ದಾಟುತ್ತದೆ. ಒಂದು ಓಟ ಹತ್ತು ಹದಿನೈದು ನಿಮಿಷದ್ದಾದ್ದರಿಂದ ಕೈ ತಡೆಯುತ್ತದೆ, ಓಟಗಳ ನಡುವೆ ವಿಶ್ರಾಂತಿ ಸಿಗುತ್ತದೆ. ಆದರೆ ಸಂಜೆ ವಾಪಸ್ ಕಾರು ಓಡಿಸುವಾಗ ಎಡಭುಜ ನೆನಪಿಸುತ್ತದೆ. ಒಂಟಿಕಾಲಿನ ಆಸರೆ, ಮಾನೋಪಾಡ್ ಬಳಸಿ. ನನ್ನ ಮೊದಲನೆಯದು ಅಗ್ಗದ್ದು, ಎರಡನೇ ವರ್ಷ ಅದರ ಬೀಗ ಜಾರಿ ಲೆನ್ಸು ಮಣ್ಣಿಗೆ ಒರಗಿತು. ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ಒಡೆಯಿತು, ಗಾಜು ಉಳಿಯಿತು. ರಿಪೇರಿಗೆ ಕೊಟ್ಟ ಅಂಗಡಿಯವರು ಎರಡು ತಿಂಗಳು ಇಟ್ಟುಕೊಂಡು ಏನೂ ಮಾಡದೆ ವಾಪಸ್ ಕೊಟ್ಟರು. ಆ ಎರಡು ತಿಂಗಳಲ್ಲಿ ಚಾಂಪಿಯನ್‌ಷಿಪ್ಪಿನ ಒಂದು ಇಡೀ ಸುತ್ತಿನ ರೇಸ್ ತಪ್ಪಿಹೋಯಿತು, ಆ ಬೇಸರ ಇನ್ನೂ ಹೋಗಿಲ್ಲ.

ಝೂಮ್ ಉಂಗುರದ ತಿರುವು ಉದ್ದವಾದದ್ದು. 200ರಿಂದ 500ಕ್ಕೆ ಹೋಗಲು ಒಂದೇ ಹಿಡಿತ ಸಾಲದು, ಕೈ ಬದಲಿಸಬೇಕು. ಬೈಕ್ ಹಾದುಹೋಗುವಷ್ಟರಲ್ಲಿ ಅದು ಆಗದ ಕೆಲಸ. ಹಾಗಾಗಿ ಒಂದು ತಿರುವಿಗೆ ಒಂದು ಅಳತೆ ಎಂದು ಮೊದಲೇ ನಿರ್ಧರಿಸಿ ನಿಲ್ಲುತ್ತೇನೆ. ಹೊಸ ಝಡ್ ಕ್ಯಾಮೆರಾಗಳಿಗೆ 2023ರಲ್ಲಿ ಬಂದ 180-600ರಲ್ಲಿ ಈ ತಿರುವು ಬಲು ಚಿಕ್ಕದು, ಝೂಮ್ ಮಾಡಿದಾಗ ಲೆನ್ಸ್ ಉದ್ದವಾಗುವುದೂ ಇಲ್ಲ. ಹೊಸದಾಗಿ ಶುರು ಮಾಡುವವರ ಹತ್ತಿರ ಝಡ್ ಕ್ಯಾಮೆರಾ ಇದ್ದು ಹಣವೂ ಇದ್ದರೆ ಅದನ್ನೇ ಕೊಳ್ಳಿ. ಸೆಕೆಂಡ್ ಹ್ಯಾಂಡಿನಲ್ಲಿ 200-500 ಸಿಗುವ ಬೆಲೆ ನೋಡಿದರೆ ಮಾತ್ರ ನನ್ನ ಮನಸ್ಸು ಇದರ ಕಡೆಗೇ. ಅಡಾಪ್ಟರ್ ಹಾಕಿ ಝಡ್ ಕ್ಯಾಮೆರಾದಲ್ಲೂ ಇದನ್ನು ಬಳಸಬಹುದು.

ಎಲ್ಲ ಟ್ರ್ಯಾಕಿಗೂ ಇದು ಸರಿಯಲ್ಲ. 3.7 ಕಿ.ಮೀ. ಉದ್ದದ ಇರುಂಗಾಟ್ಟುಕೋಟ್ಟೈ ಇದಕ್ಕೆ ಹೇಳಿಮಾಡಿಸಿದಂತಿದೆ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇ 2.1 ಕಿ.ಮೀ.ನದು, ಅಲ್ಲಿ ಬೈಕುಗಳು ಹತ್ತಿರಕ್ಕೇ ಬರುತ್ತವೆ, ಚಿಕ್ಕ ಸೆನ್ಸರಿನಲ್ಲಿ 200 ಎಂ.ಎಂ. ಕೂಡ ಅತಿಯಾಗಿ ಚಕ್ರ ಕತ್ತರಿಸಿಹೋಗುತ್ತದೆ. ಅಲ್ಲಿಗೆ ನನ್ನ ಹಳೆಯ 70-300 ಲೆನ್ಸ್ ಸಾಕು.

ಅಪ್ಪನ ಗೆಳೆಯರು ಶೋಲಾವರಂನ ಕಥೆ ಹೇಳುತ್ತಾರೆ. ಮದ್ರಾಸಿನ ಹೊರಗಿನ ಹಳೆಯ ವಿಮಾನಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲ, ನಮ್ಮ ಮೈಸೂರಿನಲ್ಲಿ ತಯಾರಾದ ಯೆಜ್ಡಿಗಳು ಅಲ್ಲಿ ಓಡುತ್ತಿದ್ದ ಕಾಲ. ಆ ಸವಾರರ ಪೈಕಿ ಎಷ್ಟು ಜನರ ಹತ್ತಿರ ತಮ್ಮದೊಂದು ಒಳ್ಳೆಯ ಫೋಟೋ ಇದೆ? ಅಪ್ಪನ ಗೆಳೆಯರೊಬ್ಬರ ಬಳಿ ಇರುವುದು ಒಂದೇ ಒಂದು, ಅದರಲ್ಲೂ ಬೈಕಿನ ಅರ್ಧ ಮಾತ್ರ. ಇದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗೆದ್ದವರ ಫೋಟೋ ತೆಗೆಯಲು ತಂಡಗಳೇ ಜನರನ್ನು ಇಟ್ಟಿರುತ್ತವೆ. 165 ಸಿಸಿ ಓಟದಲ್ಲಿ ಹದಿನಾಲ್ಕನೆಯವನಾಗಿ ಬರುವ ಹುಡುಗನನ್ನು ಯಾರು ತೆಗೆಯುತ್ತಾರೆ? ಅಪ್ಪ ಅಮ್ಮ ಸಾಲ ಮಾಡಿ ಟೈರ್ ಕೊಡಿಸಿರುತ್ತಾರೆ. ಹುಡುಗಿಯರ ಓಟದಲ್ಲೂ ಹೀಗೇ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಯ ಮಹಿಳಾ ವಿಶ್ವಕಪ್ ಗೆದ್ದ ಮೇಲೆ ಎಲ್ಲರೂ ಫೋಟೋ ಹುಡುಕಿದರು. ನಾನು ಪ್ರತಿ ಓಟದಲ್ಲೂ ಮೊದಲ ಮೂರು ಸುತ್ತು ಹಿಂದಿನವರಿಗೇ ಮೀಸಲಿಡುತ್ತೇನೆ, ಸಂಜೆ ತಂಡಗಳು ಬೀಡುಬಿಡುವ ಪ್ಯಾಡಾಕ್‌ನಲ್ಲಿ ಹುಡುಕಿ ಅವರ ಫೋನಿಗೆ ಕಳಿಸುತ್ತೇನೆ.

2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ರೇಸಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಅಂದು ನಾನು ಅಲ್ಲಿರಲಿಲ್ಲ. ಆಮೇಲೆ ಹೋದಾಗ ಬಹಳ ಹೊತ್ತು ಕ್ಯಾಮೆರಾ ಎತ್ತಲಾಗಲಿಲ್ಲ. ಅಂದಿನಿಂದ ಒಂದು ನಿಯಮ ಪಾಲಿಸುತ್ತಿದ್ದೇನೆ: ಯಾರಾದರೂ ಬಿದ್ದರೆ ಲೆನ್ಸ್ ಕೆಳಗಿಳಿಸುತ್ತೇನೆ, ಸವಾರ ಎದ್ದು ನಿಲ್ಲುವ ತನಕ ಒಂದು ಚಿತ್ರವನ್ನೂ ತೆಗೆಯುವುದಿಲ್ಲ. 500 ಎಂ.ಎಂ. ಲೆನ್ಸ್ ನೋವನ್ನು ತೀರಾ ಹತ್ತಿರಕ್ಕೆ ತರುತ್ತದೆ, ಅದನ್ನು ಹಿಡಿಯುವ ಹಕ್ಕು ನನಗಿದೆ ಅನ್ನಿಸುವುದಿಲ್ಲ.

ಹಳೆಯ ಲೆನ್ಸ್ ಕೊಳ್ಳುವವರಿಗೆ: ಮುಂದಿನ ಗಾಜಿಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಹಿಂದಿನಿಂದ ನೋಡಿ. ಮದ್ರಾಸ್, ಮಂಗಳೂರು ಕಡೆ ಬಳಸಿದ ಲೆನ್ಸಾದರೆ ಜೇಡರ ಬಲೆಯಂತಹ ಫಂಗಸ್ ಇದೆಯೇ ಎಂದು ವಿಶೇಷವಾಗಿ ಗಮನಿಸಿ, ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. 500ರಲ್ಲಿ 1/60 ಇಟ್ಟು ವಿ.ಆರ್. ಹಾಕಿ ಒಂದಿಷ್ಟು, ಆರಿಸಿ ಒಂದಿಷ್ಟು ಫೋಟೋ ತೆಗೆದು ಹೋಲಿಸಿ. 200ರಲ್ಲಿ ಝೂಮ್ ಬೀಗ ಗಟ್ಟಿಯಾಗಿ ಕೂರುತ್ತದೆಯೇ ನೋಡಿ. ಆಮೇಲೆ ಮಾರುವವರನ್ನು ಕೇಳಿಕೊಂಡು ರಸ್ತೆ ಬದಿಗೆ ಹೋಗಿ, ಹಾದುಹೋಗುವ ಸ್ಕೂಟರುಗಳನ್ನು ಸ್ಪೋರ್ಟ್ ವಿ.ಆರ್.ನಲ್ಲಿ 1/60ರಲ್ಲೇ ಒಂದು ಅರ್ಧ ಗಂಟೆ ಹಿಂಬಾಲಿಸಿ. ಲೆನ್ಸ್ ನಿಮ್ಮ ಸೊಂಟಕ್ಕೂ ಭುಜಕ್ಕೂ ಹೊಂದುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.